ತಮ್ಮನ ಕಾರಿಗೆ ಮಟ್ಟಣ್ಣ ಹಾಕಿದ ಗಾಳಿ ಪೈಪು

ಹಾರ್ಡ್‌ವೇರ್ ಅಂಗಡಿಯವನಿಂದ ಹಿಡಿದು ಮನೆ ಕಟ್ಟಿಸುವ ಗುತ್ತಿಗೆದಾರರವರೆಗೆ ಎಲ್ಲರೂ ಅವನನ್ನು ಮಟ್ಟಣ್ಣ ಎಂದೇ ಕರೆಯುತ್ತಿದ್ದರು. ಸೋರುವ ನಲ್ಲಿಗೆ ಬರಲಿ, ಹೊಸ ಬಚ್ಚಲಿಗೆ ಪೈಪು ಎಳೆಯಲು ಬರಲಿ, ಅವನ ಹಿಂದಿನ ಜೇಬಿನಲ್ಲಿ ಗೇಣುದ್ದದ ಒಂದು ರಸಮಟ್ಟ ಇದ್ದೇ ಇರುತ್ತಿತ್ತು. ಹಳದಿ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಹಸಿರು ನೀರು, ಅದರಲ್ಲಿ ಅತ್ತಿತ್ತ ಓಡಾಡುವ ಒಂದು ಗುಳ್ಳೆ. ಬೇರೆ ಪ್ಲಂಬರುಗಳು ಕಣ್ಣಂದಾಜಿನಲ್ಲಿ ಪೈಪು ಕೂರಿಸಿ ಹೋಗುತ್ತಿದ್ದರು. ಮಟ್ಟಣ್ಣ ಮಾತ್ರ ಪೈಪಿನ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುಗೆರೆಯಿಂದ ಬೇಕಾದಷ್ಟೇ ಸರಿದಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಎದ್ದು ಬೆನ್ನು ನೆಟ್ಟಗೆ ಮಾಡುತ್ತಿದ್ದ.

"ಮಟ್ಟಣ್ಣ ಮಲಗೋಕೆ ಮುಂಚೆ ಮಂಚದ ಮೇಲೂ ಮಟ್ಟ ಇಟ್ಟು ನೋಡ್ತಾನಂತೆ, ಹೌದೇನಮ್ಮ?" ಎಂದು ಅಂಗಡಿಯವನು ಒಮ್ಮೆ ಅವನ ಹೆಂಡತಿಯನ್ನೇ ಕೇಳಿದ್ದ.

"ಮಂಚ ಮಟ್ಟವಾಗೇ ಇದೆ. ಮಲಗೋರೇ ಸ್ವಲ್ಪ ಸೊಟ್ಟ," ಎಂದಿದ್ದಳು ಅವಳು.

ಆ ಸೊಟ್ಟ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ಹೆಸರು ಹೊಟ್ಟೆಕಿಚ್ಚು. ಹಾಗೆಂದು ಮಟ್ಟಣ್ಣ ಕಂಡವರನ್ನೆಲ್ಲ ಕಂಡು ಕರುಬುವವನಲ್ಲ. ಪಕ್ಕದ ಮನೆಯವನು ಮೇಲೆ ಮಹಡಿ ಕಟ್ಟಿಸಿದಾಗ ಸಂತೋಷವಾಗಿಯೇ ಹೋಗಿ ಪೈಪು ಹಾಕಿಕೊಟ್ಟು ಬಂದಿದ್ದ. ಅವನ ಕಿಚ್ಚೆಲ್ಲ ಒಬ್ಬನ ಮೇಲೆಯೇ, ಬೆನ್ನಿಗೆ ಬಿದ್ದ ಸ್ವಂತ ತಮ್ಮನ ಮೇಲೆ.

ಅವರ ಅಪ್ಪ ಬಸ್ಸು ಓಡಿಸುತ್ತಿದ್ದವರು. ಆ ಕಾಲದ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರನ ಪಕ್ಕದಲ್ಲೇ, ಒಂದು ಕಬ್ಬಿಣದ ಮುಚ್ಚಳದ ಕೆಳಗೆ ಇರುತ್ತಿತ್ತು. ಆ ಮುಚ್ಚಳದ ಮೇಲೆ ಹಳೆಯ ಕಂಬಳಿ ಹಾಸಿ ಅಪ್ಪ ಚಿಕ್ಕವನನ್ನು ಕೂರಿಸಿಕೊಳ್ಳುತ್ತಿದ್ದರು. ಬೆಚ್ಚಗಿನ ಇಂಜಿನ್ನಿನ ಮೇಲೆ ಕೂತು ಅವನು ಬೆಟ್ಟ ಹತ್ತಿ ಇಳಿದು ಬರುತ್ತಿದ್ದ. ದೊಡ್ಡವನು ದೊಡ್ಡವನಾದದ್ದರಿಂದ ಬೀದಿ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲಬೇಕಿತ್ತು. ಬಸ್ಸು ಅದೇ ಬೀದಿಯಲ್ಲಿ ಹಾದು ಹೋಗುವಾಗ ತಮ್ಮ ಗಾಜಿಗೆ ಮೂಗೊತ್ತಿ ನಗುತ್ತಿದ್ದ. ನಲ್ಲಿಗೂ ಮಟ್ಟಣ್ಣನಿಗೂ ನಂಟು ಬೆಳೆದದ್ದು ಅಲ್ಲಿಂದಲೇ ಇರಬೇಕು. ಆ ನಗು ಮಾತ್ರ ಇಷ್ಟು ವರ್ಷವಾದರೂ ಅವನ ಹೊಟ್ಟೆಯಲ್ಲಿ ಅರಗದೆ ಕೂತಿತ್ತು.

ಈಗ ಅಪ್ಪನಿಗೆ ಕಣ್ಣು ಮಂಜಾಗಿದೆ. ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ. ದೊಡ್ಡ ಮಗನ ಮನೆಯ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೀದಿಯನ್ನು ಕಿವಿಯಿಂದ ನೋಡುತ್ತಾರೆ. ಯಾವ ಗಾಡಿ ಬಂತು, ಯಾವ ಗೇರಿನಲ್ಲಿದೆ, ಯಾವುದಕ್ಕೆ ಎಣ್ಣೆ ಸಾಲದು ಎಂಬುದನ್ನೆಲ್ಲ ಕೂತಲ್ಲೇ ಹೇಳುತ್ತಾರೆ. ಮಟ್ಟಣ್ಣನ ಸಾಮಾನಿನ ವ್ಯಾನು ತಿರುವಿಗೆ ಬಂದರೆ, "ಪೈಪಿನವನು ಬಂದ. ಗಾಡಿಗಿಂತ ಮೊದಲು ಅದರ ಮೇಲಿನ ಸಾಮಾನಿನ ಸದ್ದು ಮನೆ ಸೇರುತ್ತೆ," ಎನ್ನುತ್ತಾರೆ. ತಮ್ಮನ ಕಾರಿನ ಸದ್ದು ಇನ್ನೂ ದೊಡ್ಡ ರಸ್ತೆಯಲ್ಲಿರುವಾಗಲೇ ಕುರ್ಚಿಯಲ್ಲಿ ನೆಟ್ಟಗಾಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ.

ಅನ್ನ ಬೇಯಿಸಿ ಹಾಕುವುದು ಇಲ್ಲಿ, ಔಷಧಿ ಕೊಡುವುದು ಇಲ್ಲಿ, ಗುಂಡಿ ಹಾಕಿಕೊಳ್ಳುವುದು ಅವನಿಗೆ. ಮಟ್ಟಣ್ಣ ಇದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದರೆ ಮಗುವಿನ ಮಾತಿನಂತೆ ಕೇಳುತ್ತದೆ ಎಂಬ ನಾಚಿಕೆ.

ತಮ್ಮನದು ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೆಲಸ. ಅಪಘಾತವಾಗಿ ಯಾರೂ ಕೇಳದೆ ಶೆಡ್ಡಿನ ಹಿಂದೆ ತುಕ್ಕು ಹಿಡಿಯುತ್ತಿದ್ದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಅವನು ಕೆಲಸ ಮುಗಿದ ಮೇಲೆ ಬಿಡಿಬಿಡಿಯಾಗಿ ಕಟ್ಟಿ, ಹಣ್ಣು ಮೆಣಸಿನಕಾಯಿಯ ಕೆಂಪು ಬಳಿದು ರಸ್ತೆಗೆ ತಂದಿದ್ದ. ನೆಲಕ್ಕೆ ಅಂಟಿಕೊಂಡಂತಿರುವ ಮೈ, ಎರಡೇ ಬಾಗಿಲು, ಎರಡೇ ಸೀಟು. ಒಂದು ಓಡಿಸುವವನಿಗೆ. ಇನ್ನೊಂದು ಯಾರಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಒಂದು ರಜೆಯ ದಿನ ತಮ್ಮ ಬಂದು ಅಪ್ಪನ ಕುರ್ಚಿಯ ಪಕ್ಕ ಮೆಟ್ಟಿಲ ಮೇಲೆ ಕೂತ. ಮಟ್ಟಣ್ಣ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ.

"ಗಾಡಿ ಚೆನ್ನಾಗಿದೆ ಅಪ್ಪ, ಆದ್ರೆ ಬಿಸಿಲಲ್ಲಿ ಎಳೆಯಲ್ಲ," ಎಂದ ತಮ್ಮ. "ಗಾಳಿ ಡಬ್ಬಿ ಇಂಜಿನ್ ನೆತ್ತಿ ಮೇಲೇ ಇದೆ. ಅಲ್ಲಿರೋ ಕಾದ ಗಾಳಿನೇ ಅದು ಕುಡಿಯೋದು."

"ಮುಖದ ಮೇಲೆ ಕಂಬಳಿ ಹಾಕ್ಕೊಂಡು ಓಡಿದ ಹಾಗೆ," ಎಂದರು ಅಪ್ಪ. "ನನ್ನ ಬಸ್ಸೂ ಹಾಗೇ. ಬೆಳಗಿನ ಟ್ರಿಪ್ಪಲ್ಲಿ ಬೆಟ್ಟ ಹತ್ತೋದು ನೋಡಬೇಕಿತ್ತು, ಕುದುರೆ. ಅದೇ ಬಸ್ಸು ಮಧ್ಯಾಹ್ನ ಎಮ್ಮೆ."

"ಹಾಂ. ಅದಕ್ಕೆ ಡಬ್ಬಿ ತೆಗೆದು ಒಂದು ಪೈಪ್ ಹಾಕ್ತಾರೆ. ಅದರ ಬಾಯಿ ಮುಂದೆ, ಗಾಳಿ ಬಡಿಯೋ ಕಡೆ. ತಣ್ಣನೆ ಗಾಳಿ ನೇರವಾಗಿ ಇಂಜಿನ್ ಒಳಗೆ. ಈ ಹಳೇ ಗಾಡಿಗೆ ರೆಡಿಮೇಡ್ ಸಿಗಲ್ಲ. ಕೈಯಲ್ಲೇ ಮಾಡಿಸ್ಬೇಕು. ಆಕ್ಸೆಸರೀಸ್ ಅಂಗಡಿಯವನನ್ನ ಕೇಳಿದೀನಿ."

ಮಟ್ಟಣ್ಣನ ಕೈ ನಲ್ಲಿಯ ಕೆಳಗೇ ನಿಂತಿತು. ಪೈಪಿನ ಕೆಲಸ. ಪೈಪಿನವನು ಇಷ್ಟು ಹತ್ತಿರದಲ್ಲಿ ನಿಂತಿದ್ದಾನೆ. ಅವನನ್ನು ಬಿಟ್ಟು ಆಕ್ಸೆಸರೀಸ್ ಅಂಗಡಿಯವನು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನಿಗೂ ಇಂಥವನೊಬ್ಬ ತಮ್ಮ ಇದ್ದಿರಬೇಕು.

"ನಾನು ಮಾಡ್ತೀನಿ," ಎಂದ.

ತಮ್ಮ ತಿರುಗಿ ನೋಡಿದ. ಅವನಿಗೆ ಅಣ್ಣನನ್ನು ನೋಯಿಸುವ ಮನಸ್ಸಿರಲಿಲ್ಲ, ಅದೂ ಮಟ್ಟಣ್ಣನಿಗೆ ಕಾಣುತ್ತಿತ್ತು. "ಅಣ್ಣ, ಇದು ನೀರಲ್ಲ. ಗಾಳಿ."

"ಪೈಪು ಪೈಪೇ ಕಣೋ. ಒಳಗೆ ಹೋಗೋದು ಏನಾದ್ರೇನು?"

ಅಪ್ಪ ನಕ್ಕರು. "ಮಾಡಲಿ ಬಿಡೋ. ಕೆಟ್ಟರೆ ಬಚ್ಚಲಿಗೆ ಹಾಕ್ಕೊಳ್ತಾನೆ."

ಅದು ತಮಾಷೆಯೇ ಆದರೂ ಮಟ್ಟಣ್ಣನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಅವನು ಶಪಥ ಮಾಡಿಕೊಂಡ. ಅಪ್ಪನ ಬಾಯಿಂದ ಒಂದು ಸಲ, ಒಂದೇ ಒಂದು ಸಲ, ಈ ಕೈಗೆ ಶಭಾಸ್ ಅನ್ನಿಸಬೇಕು. ಅದೂ ತಮ್ಮನ ಎದುರಿಗೆ.

ಕಾರು ಅವನ ಅಂಗಳಕ್ಕೆ ಬಂದು ನಿಂತಿತು. ಬಾನೆಟ್ಟು ಎತ್ತಿದಾಗ ಮಟ್ಟಣ್ಣ ಸ್ವಲ್ಪ ಹೊತ್ತು ಏನನ್ನೂ ಮುಟ್ಟಲಿಲ್ಲ. ತುಕ್ಕು ಹಿಡಿದಿದ್ದ ಆ ಗುಜರಿ ಗಾಡಿಯೊಳಗೆ ಒಂದು ಬೋಲ್ಟಿನ ಮೇಲೂ ಈಗ ಮಣ್ಣಿರಲಿಲ್ಲ. ಮೂಲೆ ಮೂಲೆಗೂ ಬಣ್ಣ ಹೋಗಿತ್ತು, ಎಲ್ಲಿಯೂ ಬ್ರಶ್ಶಿನ ಗೆರೆ ಇರಲಿಲ್ಲ. ಇಷ್ಟು ಅಚ್ಚುಕಟ್ಟು ಇವನಿಗೆ ಎಲ್ಲಿಂದ ಬಂತು ಎಂದುಕೊಂಡ. ಹುಡುಗನಾಗಿದ್ದಾಗ ಚಪ್ಪಲಿ ಸರಿಯಾಗಿ ಬಿಡಲು ಬರುತ್ತಿರಲಿಲ್ಲ. ಬೈಯಲು ಏನಾದರೂ ಸಿಗಬಹುದೆಂದು ಬಗ್ಗಿ ಬಗ್ಗಿ ಹುಡುಕಿದ, ಸಿಗಲಿಲ್ಲ. ಅದೂ ಒಂದು ಸಂಕಟ.

ಕೆಲಸ ಶುರು ಮಾಡಿದ. ಮೊದಲು ರಟ್ಟನ್ನು ಸುತ್ತಿ ಕೊಳವೆ ಮಾಡಿ, ಹೆಡ್‌ಲೈಟಿನ ಹಿಂದಿನ ಸಂದಿನಿಂದ ಇಂಜಿನ್ನಿನ ಪಕ್ಕೆಯಲ್ಲಿರುವ ಗಾಳಿ ಬಾಯಿಯವರೆಗೆ ದಾರಿ ಹುಡುಕಿದ. ಆ ಅಳತೆಗೆ ದಪ್ಪ ಪೈಪು ಕತ್ತರಿಸಿದ. ತಿರುವಿಗೆ ಎಲ್ಬೋ ಹಾಕಿದ. ಒಳಗಿನ ಅಂಚುಗಳನ್ನು ಬೆರಳಿಗೆ ಉಪ್ಪುಕಾಗದ ಸುತ್ತಿಕೊಂಡು, ಉಗುರಿಗೆ ಏನೂ ತಾಗದಷ್ಟು ನುಣ್ಣಗೆ ಉಜ್ಜಿದ. ಇಂಜಿನ್ನಿನ ಕಾವು ಪೈಪಿಗೆ ತಾಗಬಾರದೆಂದು ಹಳೆಯ ಗೀಸರೊಂದರ ಹೊರಗಿನ ತಗಡನ್ನು ಬಿಚ್ಚಿ, ಬಡಿದು, ನಡುವೆ ತಡೆಯಾಗಿ ನಿಲ್ಲಿಸಿದ. ತಮ್ಮ ತಂದುಕೊಟ್ಟ ಫಿಲ್ಟರು ಮುಂದಿನ ಬಾಯಿಗೆ ಕೂತಿತು. ಜೋಡಣೆಗಳಿಗೆಲ್ಲ ಸಲ್ಯೂಷನ್ ಬಳಿದು ಒತ್ತಿ ಹಿಡಿದ. ಹಾಗೆ ಅಂಟಿದ ಪೈಪು ಮತ್ತೆ ಬಿಚ್ಚುವುದಿಲ್ಲ, ಕೊಯ್ಯಬೇಕು ಅಷ್ಟೆ.

ಅವನ ಹೆಂಡತಿ ಬಟ್ಟೆ ಹರವಲು ಬಂದವಳು ನಿಂತು ನೋಡಿದಳು. "ನಮ್ಮ ಬಚ್ಚಲಿನ ಪೈಪು ತೊಟ್ಟಿಕ್ಕೋಕೆ ಶುರುವಾಗಿ ಯಾವ ಕಾಲ ಆಯ್ತು ರೀ?"

"ನೋಡೋಣ."

"ಅದಕ್ಕೂ ಕೆಂಪು ಬಣ್ಣ ಹೊಡೆದ್ರೆ ನೋಡ್ತೀರೇನೋ."

ಕೊನೆಗೆ ಮಟ್ಟಣ್ಣ ಜೇಬಿನಿಂದ ರಸಮಟ್ಟ ತೆಗೆದ. ಗುರುವಾಗಿದ್ದ ಮುದುಕ ಪ್ಲಂಬರು ಅವನಿಗೆ ಕಲಿಸಿದ್ದು ಒಂದೇ ಮಾತು: ಪೈಪು ಮುಟ್ಟೋಕೆ ಮುಂಚೆ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳ್ಕೋ. ಬಾಯಿಯ ಹತ್ತಿರ ಎತ್ತರ, ಆಚೆ ತುದಿಗೆ ತಗ್ಗು. ನೀರು ಬಾಯಲ್ಲಿ ನಿಲ್ಲಬಾರದು. ಮಟ್ಟಣ್ಣ ಕೈಗೆ ಅಭ್ಯಾಸವಾದಷ್ಟೇ ಇಳಿಜಾರು ಕೊಟ್ಟು, ಗುಳ್ಳೆ ಸರಿಯಾದ ಗೆರೆಗೆ ಬಂದಾಗ ಕ್ಲಾಂಪು ಬಿಗಿದ.

ತಮ್ಮ ಕೀಲಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಹೊಸ ಸದ್ದೊಂದು ಎದ್ದಿತು. ಮೊದಲು ದೊಡ್ಡದೊಂದು ಉಸಿರು, ಅದರ ಹಿಂದೆಯೇ ಗಂಟಲಿನಿಂದ ಬಂದಂಥ ಗುಡುಗು. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಗೋಡೆ ಹಿಡಿದುಕೊಂಡು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಸಲ ಒತ್ತಲು ಹೇಳಿ, ತಲೆ ಬಾಗಿಸಿ ಕೇಳಿದರು.

"ಈಗ ಉಸಿರಾಡ್ತಿದೆ," ಎಂದರು. ಆಮೇಲೆ ಮುಖವನ್ನು ದೊಡ್ಡ ಮಗನಿದ್ದ ಕಡೆಗೆ ತಿರುಗಿಸಿ, "ಒಳ್ಳೇ ಕೈ ಕಣೋ ನಿಂದು. ಇಷ್ಟು ದಿನ ನೀರಿಗೆ ಸುರಿದು ಹಾಳು ಮಾಡ್ಕೊಂಡೆ."

ಮಟ್ಟಣ್ಣ ಬೆರಳಿಗಂಟಿದ್ದ ಸಲ್ಯೂಷನ್ ಕೆರೆಯುತ್ತ ನಿಂತ. ತಮ್ಮನ ಮುಖ ನೋಡಿದ. ತಮ್ಮ ಹಲ್ಲು ಬಿಟ್ಟು ನಗುತ್ತಿದ್ದ, ಒಂದಿಷ್ಟೂ ಉರಿಯಿಲ್ಲದೆ. ಅಷ್ಟಕ್ಕೇ ಮಟ್ಟಣ್ಣನ ಗೆಲುವಿಗೆ ಹುಳಿ ಹಿಂಡಿದಂತಾಯಿತು.

"ಬನ್ನಿ ಅಪ್ಪ, ಒಂದು ರೌಂಡ್ ಹೋಗ್ಬರೋಣ. ಮುಂದಿನ ರಜಕ್ಕೆ ನಿಮ್ಮ ಬೆಟ್ಟದ ರಸ್ತೆಗೇ ಹೋಗೋಣ," ಎಂದು ತಮ್ಮ ಬಾಗಿಲು ತೆರೆದ. ಇಬ್ಬರೂ ಹೋದರು. ಅಂಗಳದಲ್ಲಿ ಪೈಪಿನ ಚೂರುಗಳೂ ಮಟ್ಟಣ್ಣನೂ ಉಳಿದರು.

ಆ ವಾರ ಅವನು ಒಂದು ಮನೆಯಲ್ಲಿ ಅಡುಗೆ ಕೋಣೆಯ ಸಿಂಕಿಗೆ ಪೈಪು ಹಾಕುತ್ತಿದ್ದ. ಮನಸ್ಸು ಹಗುರವಾಗಿತ್ತು. ಒಳ್ಳೇ ಕೈ ಕಣೋ ನಿಂದು ಎಂಬುದನ್ನು ಕೆಲಸದ ನಡುವೆ ಕಲ್ಲುಸಕ್ಕರೆಯಂತೆ ಆಗಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಮನೆಯೊಡತಿ ಬಗ್ಗಿ ನೋಡಿ, "ಯಾಕಪ್ಪ, ಪೈಪು ಓರೆ ಇದೆಯಲ್ಲ?" ಎಂದಳು.

"ಬೇಕಂತಲೇ ಕೊಟ್ಟಿದೀನಮ್ಮ. ಬಾಯಿಗೆ ಬಿದ್ದ ನೀರು ಅಲ್ಲೇ ನಿಲ್ಲಬಾರದು. ಒಂದು ಹನಿ ಬಿದ್ರೂ ಸೀದಾ ಆಚೆ ತುದಿಗೆ ಓಡಬೇಕು."

ಹೇಳಿದ ಮಾತು ಸಿಂಕಿನ ಕೆಳಗೆ ಅವನ ಕಿವಿಗೇ ವಾಪಸು ಬಂತು. ಸೀದಾ ಆಚೆ ತುದಿಗೆ. ಕಾರಿನ ಪೈಪಿನ ಆಚೆ ತುದಿಯಲ್ಲಿ ಏನಿದೆ? ಚರಂಡಿಯಿಲ್ಲ. ಇಂಜಿನ್ನಿದೆ.

ಮಟ್ಟಣ್ಣ ಸ್ಪ್ಯಾನರು ಕೆಳಗಿಟ್ಟ. ಮಳೆಯಲ್ಲಿ ವೇಗವಾಗಿ ಹೋದರೆ ಮುಂದಿನ ಫಿಲ್ಟರು ನೆನೆಯುತ್ತದೆ. ನೆಂದ ಫಿಲ್ಟರು ನೀರು ಬಿಡುತ್ತದೆ. ಬಿಟ್ಟ ನೀರು, ಅವನು ರಸಮಟ್ಟ ಇಟ್ಟು ಅಷ್ಟು ಅಚ್ಚುಕಟ್ಟಾಗಿ ಮಾಡಿಕೊಟ್ಟ ದಾರಿಯಲ್ಲಿ, ಒಂದು ಹನಿಯೂ ನಿಲ್ಲದೆ ಇಂಜಿನ್ನಿನ ಬಾಯಿಗೆ ಹೋಗುತ್ತದೆ. ನೀರು ಕುಡಿದ ಇಂಜಿನ್ನು ಓಡುತ್ತಿರುವಾಗಲೇ ಮುರಿಯುತ್ತದೆ ಎಂಬುದು ಬಸ್ಸು ಡ್ರೈವರನ ಮಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿಯವರೆಗೂ ಅದು ತಪ್ಪು, ಅಷ್ಟೆ. ಆಮೇಲೆ ಅವನ ಮನಸ್ಸಿಗೆ ಬಂದದ್ದೇ ಬೇರೆ. ಆ ಕಾರು ಸುಮ್ಮನಾಗುತ್ತದೆ ಎಂದಿತು ಮನಸ್ಸು. ಬೀದಿಯ ತಿರುವಿನಲ್ಲಿ ಆ ಸದ್ದು ಇರುವುದಿಲ್ಲ, ಅಪ್ಪ ಗುಂಡಿ ಹಾಕಿಕೊಳ್ಳುವುದಿಲ್ಲ. ಬೇಕೆಂದು ಮಾಡಿದ್ದಲ್ಲ, ಯಾರೂ ಅವನನ್ನು ಕೇಳುವುದಿಲ್ಲ. ಕ್ಷಣ ಹೊತ್ತು ಹೊಟ್ಟೆಯೊಳಗೆ ತಂಪು ಗಾಳಿ ಬೀಸಿದ ಹಾಗಾಯಿತು. ಮರುಕ್ಷಣವೇ ಕಣ್ಣೆದುರಿಗೆ ಬೆಟ್ಟದ ತಿರುವು ಬಂತು. ನಿಂತುಹೋದ ಕಾರು, ಹಿಂದಿನಿಂದ ಬರುವ ಲಾರಿ, ಎರಡನೆಯ ಸೀಟಿನಲ್ಲಿ ಏನೂ ಕಾಣದೆ ಬಾಗಿಲ ಹಿಡಿ ಹುಡುಕುವ ಅಪ್ಪ.

ಮಟ್ಟಣ್ಣ ಸಿಂಕಿನ ಕೆಳಗಿಂದ ಹೊರಗೆ ಬಂದು ಕೂತ.

ಹೇಳಿಬಿಡಬಹುದಿತ್ತು. ಇದು ನೀರಲ್ಲ, ಗಾಳಿ ಎಂದು ತಮ್ಮ ಮೊದಲೇ ಅಂದಿದ್ದ. ಈಗ ಹೋಗಿ ಹೌದಪ್ಪ, ನೀನೇ ಸರಿ ಎನ್ನಬೇಕು. ಜೀವಮಾನದಲ್ಲಿ ಒಮ್ಮೆ ಸಿಕ್ಕ ಶಭಾಸನ್ನು ವಾಪಸು ಕೊಡಬೇಕು. ನುಂಗಿದರೆ ಗಂಟಲು, ಉಗುಳಿದರೆ ಮಾನ. ಅವನು ಮೂರನೆಯ ದಾರಿ ಹುಡುಕಿದ, ಕಳ್ಳದಾರಿ.

ಸಂಜೆ ತಮ್ಮನ ಮನೆಗೆ ಹೋಗಿ, ಕ್ಲಾಂಪು ಸಡಿಲವಾಗಿದೆಯೇ ನೋಡುತ್ತೇನೆಂದ. ತಮ್ಮ ಕೀಲಿ ಕೊಟ್ಟು ಸ್ನಾನಕ್ಕೆ ಹೋದ. ಒಳಗೆ ನೀರು ಸುರಿಯುವ ಸದ್ದು ಬರುತ್ತಿರುವಾಗ ಮಟ್ಟಣ್ಣ ಪೈಪಿನ ತಗ್ಗಿನ ತುದಿಯಲ್ಲಿ, ಇಂಜಿನ್ನಿನ ಕಡೆ ತಿರುಗುವ ಎಲ್ಬೋದ ಹೊಟ್ಟೆಗೆ, ಕಡಲೆಕಾಳಿನಷ್ಟು ತೂತು ಕೊರೆದ. ನೀರು ಬಂದರೂ ಇಂಜಿನ್ನು ಮುಟ್ಟುವ ಮೊದಲು ಇಲ್ಲಿ ಸುರಿದುಹೋಗುತ್ತದೆ. ಪೈಪಿನ ಪುಡಿಯನ್ನು ಉಫ್ ಎಂದು ಊದಿ, ಬಾನೆಟ್ಟು ಮುಚ್ಚಿ, ತಮ್ಮನ ಹೆಂಡತಿ ಕೊಟ್ಟ ಟೀಯನ್ನೂ ಕುಡಿಯದೆ ಬಂದುಬಿಟ್ಟ.

ರಜೆಯ ದಿನ ಬಂತು. ಆಕಾಶ ಬೂದಿ ಬಳಿದಂತಿತ್ತು. ಅಪ್ಪ ಬೆಳಗಾಗುತ್ತಲೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಹಳೆಯ ಡ್ರೈವರ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೆಂಪು ಕಾರು ಬಂದು ನಿಂತಿತು. ಅಪ್ಪ ಏಳಲಿಲ್ಲ. ಕೈ ಎತ್ತಿದರು.

"ಇನ್ನೊಂದು ಸಲ ಒತ್ತು."

ತಮ್ಮ ಒತ್ತಿದ. ಉಸಿರಿನ ಕೆಳಗೆ, ಎಳೆಯ ಮಗು ಮೂಗಿನಲ್ಲಿ ರಾಗ ಎಳೆದ ಹಾಗೆ, ಸಣ್ಣದೊಂದು ಸೀಟಿ.

"ಹೋದ ವಾರ ಈ ಸೀಟಿ ಇರಲಿಲ್ಲ," ಎಂದರು ಅಪ್ಪ. "ಪೈಪಿಗೆ ಎಲ್ಲೋ ತೂತು ಬಿದ್ದಿದೆ."

"ಕಲ್ಲೇನಾದ್ರೂ ತಾಗಿರ್ಬೇಕು," ಎಂದ ತಮ್ಮ.

"ನೀನು ತಾಗಿಸಿದೀಯ ಅನ್ನು." ಅಪ್ಪನ ದನಿ ಏರಿತು. "ನಿಮ್ಮಣ್ಣ ಮಾಡಿದ ಕೆಲಸಕ್ಕೆ ತಾನಾಗೇ ತೂತು ಬೀಳಲ್ಲ. ಅವನು ಕೂದಲು ಸೀಳೋ ಹಾಗೆ ಅಳೆದು ಮಾಡ್ತಾನೆ. ನಿಂದು ಮೊದಲಿಂದ ಇದೇ ಕಥೆ. ಕೊಟ್ಟಿದ್ದನ್ನ ಜೋಪಾನ ಮಾಡೋಕೆ ಬರಲ್ಲ."

ತಮ್ಮ ತಲೆ ತಗ್ಗಿಸಿದ. "ಇರಬಹುದು ಅಪ್ಪ. ಹಂಪ್ ಮೇಲೆ ಸ್ವಲ್ಪ ಜೋರಾಗಿ ಹೋದೆ."

ಮಟ್ಟಣ್ಣ ಬಾಗಿಲಲ್ಲಿ ನಿಂತಿದ್ದ. ಇಷ್ಟು ವರ್ಷ ಅವನು ಕನಸಿನಲ್ಲಿ ಕೇಳಿದ ಮಾತುಗಳು ಇವೇ. ಅಪ್ಪ ತಮ್ಮನನ್ನು ಬೈಯುತ್ತಿದ್ದಾರೆ, ತನ್ನ ಪರವಾಗಿ. ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಆದರೆ ಬಾಯಿಗೆ ಬಂದ ಸಕ್ಕರೆ ಯಾಕೋ ಸುಣ್ಣದಂತಿತ್ತು. ಕುಂಬಳಕಾಯಿ ಕಳ್ಳನಂತೆ ಅವನ ಕೈ ತನಗೇ ತಿಳಿಯದೆ ಹೆಗಲ ಮೇಲಿತ್ತು, ಡ್ರಿಲ್ಲಿನ ಚೀಲ ನೇತುಹಾಕಿಕೊಳ್ಳುವ ಹೆಗಲು. ಹೆಂಡತಿ ಅಡುಗೆ ಕೋಣೆಯ ಬಾಗಿಲಿಂದ ಅದನ್ನೇ ನೋಡುತ್ತಿದ್ದಳು.

ತಮ್ಮ ಬಾನೆಟ್ಟಿನೊಳಗೆ ಬಗ್ಗಿ ಬೆರಳಾಡಿಸಿದ. "ಸಿಕ್ತು ಅಪ್ಪ. ಕೆಳಗಡೆ ಒಂದು ಸಣ್ಣ ತೂತು. ಟೇಪ್ ಸುತ್ತಿಬಿಡ್ತೀನಿ, ಹೊರಟುಬಿಡೋಣ. ಮಳೆ ಬೇರೆ ಬರೋ ಹಾಗಿದೆ."

ಅವನು ಟೇಪಿನ ಸುರುಳಿ ತೆಗೆದು ಹಲ್ಲಿನಿಂದ ಹರಿದ. ಕಾರಿನ ಗಾಜಿನ ಮೇಲೆ ಮೊದಲ ಹನಿ ಬಿದ್ದು ಜಾರಿತು.

"ಮುಚ್ಚಬೇಡ," ಎಂದ ಮಟ್ಟಣ್ಣ.

"ಏನಣ್ಣ?"

"ಆ ತೂತು ಮುಚ್ಚಬೇಡ. ನಾನೇ ಕೊರೆದಿದ್ದು."

ಇಬ್ಬರೂ ಅವನ ಕಡೆ ತಿರುಗಿದರು. ಮಟ್ಟಣ್ಣ ಮಾತಾಡಿದ್ದು ಕಾರಿನ ಚಕ್ರದ ಜೊತೆ. ಇಳಿಜಾರು ಕೊಟ್ಟದ್ದು, ನೀರು ಇಂಜಿನ್ನಿಗೆ ಹೋಗುವುದು, ಸಿಂಕಿನ ಕೆಳಗೆ ತಿಳಿದದ್ದು, ಸ್ನಾನದ ಹೊತ್ತಿನಲ್ಲಿ ಬಂದು ಕೊರೆದದ್ದು, ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳಿದ. ತಂಪು ಗಾಳಿ ಬೀಸಿದ ಆ ಒಂದು ಕ್ಷಣವನ್ನು ಮಾತ್ರ ಹೇಳಲಾಗಲಿಲ್ಲ. ಅದನ್ನು ಹೇಳುವ ಮಾತು ಅವನ ಹತ್ತಿರ ಇರಲಿಲ್ಲ.

ತಮ್ಮ ಟೇಪಿನ ತುಂಡನ್ನು ಬೆರಳಿನಲ್ಲಿ ಉಂಡೆ ಮಾಡುತ್ತ, "ಹೇಳಿದ್ನಲ್ಲಣ್ಣ," ಎಂದ. "ಇದು ನೀರಲ್ಲ ಅಂತ."

ಬಂತು. ಬರಲೆಂದೇ ಮಟ್ಟಣ್ಣ ಕಾದಿದ್ದ. ಇಷ್ಟು ಮೆಲ್ಲಗೆ ಬರುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಅಪ್ಪ ಟೋಪಿಯನ್ನು ತೊಡೆಯ ಮೇಲೆ ಒಂದು ಸುತ್ತು ತಿರುಗಿಸಿದರು. "ಬ್ರೇಕ್ ಹಿಡಿಯದ ಬಸ್ಸನ್ನ ಡಿಪೋಗೆ ತಂದುಬಿಟ್ಟು, ನಾಳೆ ಓಡಿಸೋನಿಗೆ ಹೇಳದೆ ಮನೆಗೆ ಹೋಗೋ ಡ್ರೈವರ್ ಒಬ್ಬನಿದ್ದ," ಎಂದರು. "ಅವನ ಜೊತೆ ನಾವ್ಯಾರೂ ಟೀ ಕುಡೀತಿರಲಿಲ್ಲ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಹಳೇ ಡಬ್ಬಿ ಶೆಡ್ಡಲ್ಲಿದೆ," ಎಂದ ತಮ್ಮ. "ಅದನ್ನೇ ಹಾಕ್ಕೊಂಡು ಹೋಗ್ಬರೋಣ ಅಪ್ಪ."

"ಬಿಸಿ ಗಾಳಿ ಕುಡಿದು ಬೆಟ್ಟ ಹತ್ತೋದು ನಾನು ಕಾಣದ್ದೇನೋ?" ಅಪ್ಪ ಟೋಪಿಯನ್ನು ಗೋಡೆಯ ಮೊಳೆಗೆ ತಡಕಿ ಸಿಕ್ಕಿಸಿದರು. "ಪೈಪು ಸರಿಯಾಗಲಿ. ಆಮೇಲೆ ಹೋಗೋಣ. ಯಾರು ಕೆಡಿಸಿದ್ರೋ ಅವರೇ ಮಾಡ್ಲಿ."

ಮಳೆ ಜೋರಾಯಿತು. ಅಣ್ಣ ತಮ್ಮ ಕಾರನ್ನು ಚಪ್ಪರದ ಕೆಳಗೆ ತಳ್ಳಿದರು. ಮಟ್ಟಣ್ಣ ಅಷ್ಟು ಅಂದವಾಗಿ ಅಂಟಿಸಿದ್ದ ಪೈಪನ್ನು ತಾನೇ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದ. ಪಕ್ಕದಲ್ಲಿ ಕೂತ ತಮ್ಮ, "ಈ ಸಲ ಅಂಟಿಸ್ಬೇಡ. ರಬ್ಬರ್ ತೋಳು ಹಾಕೋಣ, ಬೇಕಾದಾಗ ಬಿಚ್ಚಬಹುದು," ಎಂದ. ಮಟ್ಟಣ್ಣನಿಗೆ ಆ ಬುದ್ಧಿ ತನಗೆ ಹೊಳೆಯಲಿಲ್ಲವಲ್ಲ ಎಂದು ಒಳಗೇ ಚುರ್ ಎಂದರೂ ಹೂಂ ಎಂದ.

ಸ್ವಲ್ಪ ಹೊತ್ತಾದ ಮೇಲೆ ಅವನ ಕೈ ನಿಂತಿತು. ಬಚ್ಚಲಿನ ಕೆಳಗೆ ಹಾಕುವ ಬಾಗು ನೆನಪಾಯಿತು. ಪೈಪು ತಗ್ಗಿಗೆ ಇಳಿದು, ಮತ್ತೆ ಮೇಲಕ್ಕೆ ಹತ್ತುತ್ತದೆ. ನೀರು ತಗ್ಗಿನಲ್ಲೇ ಉಳಿಯುತ್ತದೆ, ಗಾಳಿ ಅದರ ಮೇಲೆ ದಾಟುತ್ತದೆ. ಬಾಯಿಯಿಂದ ಕೆಳಕ್ಕೆ, ಕೆಳಗಿನಿಂದ ಇಂಜಿನ್ನಿಗೆ ಮೇಲಕ್ಕೆ. ತಗ್ಗಿನಲ್ಲಿ ಒಂದು ತೂತು, ತೂತಿಗೆ ಹೊರಗಡೆಗೆ ಮಾತ್ರ ತೆರೆಯುವ ರಬ್ಬರಿನ ನಾಲಗೆ. ಇಂಜಿನ್ನು ಎಳೆಯುವಾಗ ಅದು ಮುಚ್ಚಿಕೊಳ್ಳುತ್ತದೆ, ಸೀಟಿಯಿಲ್ಲ. ನಿಂತಾಗ ತೆರೆದುಕೊಳ್ಳುತ್ತದೆ, ನೀರು ಸುರಿದುಹೋಗುತ್ತದೆ. ಫಿಲ್ಟರಿನ ಮುಂದೆ ಗೀಸರಿನ ತಗಡಿನದೇ ಒಂದು ಮರೆ. ವ್ಯಾನಿನಿಂದ ಬಾಗು ತಂದು ಸುಮ್ಮನೆ ಜೋಡಿಸತೊಡಗಿದ. ತಮ್ಮ ನೋಡಿ, "ಇದು ಬಚ್ಚಲಿಂದಲ್ವಾ?" ಎಂದ.

"ಬಚ್ಚಲಿಂದೇ."

"ಅಪ್ಪ ಹೇಳಿದ್ದು ತಿರುಗಾಮುರುಗಾ ಆಯ್ತು," ಎಂದು ತಮ್ಮ ನಕ್ಕ. ಮಟ್ಟಣ್ಣನಿಗೂ ನಗು ಬಂತು, ತಡೆದುಕೊಂಡ.

ಪೈಪು ಮುಗಿದ ಮೇಲೆ ತಮ್ಮನೇ ಬಕೆಟ್ಟಿನಿಂದ ಫಿಲ್ಟರಿನ ಮೇಲೆ ನೀರು ಸುರಿದ. ಇಂಜಿನ್ನಿನ ಕಡೆಯ ತುದಿಯಲ್ಲಿ ಬೆರಳಿಟ್ಟು ನೋಡಿದರು, ಒಣಗಿಯೇ ಇತ್ತು. ರಬ್ಬರಿನ ನಾಲಗೆಯಿಂದ ನೀರು ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು.

ಮತ್ತೊಂದು ರಜೆಯ ದಿನ ತಮ್ಮ ಬಂದವನು ಇಂಜಿನ್ನು ಆರಿಸದೆ ಇಳಿದು, ಕಾರಿನ ಬಾಗಿಲನ್ನು ಮಟ್ಟಣ್ಣನಿಗೆ ತೆರೆದು ಹಿಡಿದ. "ಶೆಡ್ಡಲ್ಲಿ ಒಂದು ಗಾಡಿಗೆ ಇವತ್ತೇ ಬಣ್ಣ ಆಗ್ಬೇಕಂತೆ. ನೀನೇ ಅಪ್ಪನ್ನ ಕರ್ಕೊಂಡು ಹೋಗು."

"ನಾನಾ?"

"ಯಾಕೆ, ಓಡಿಸೋಕೆ ಬರಲ್ವಾ?" ಎಂದು ಹೇಳಿ, ವ್ಯಾನಿನ ಕೀಲಿ ಇಸಿದುಕೊಂಡು, ಪೈಪುಗಳ ಸದ್ದು ಮಾಡಿಕೊಂಡು ಹೋಗಿಯೇಬಿಟ್ಟ. ಕಟ್ಟಿ, ಉಜ್ಜಿ, ಬಣ್ಣ ಬಳಿದ ಕಾರನ್ನು ಅವನು ಕೊಡೆ ಕೊಟ್ಟ ಹಾಗೆ ಕೊಟ್ಟು ಹೋದ. ಹಾಗೆ ಕೊಡಲು ಅವನಿಗೆ ಬರುವುದನ್ನು ಕಂಡೂ ಮಟ್ಟಣ್ಣನಿಗೆ ಹೊಟ್ಟೆಯುರಿಯಿತು. ಆ ಉರಿಗೆ ಏನು ಮದ್ದೋ ಅವನಿಗೆ ತಿಳಿಯದು.

ಅಪ್ಪ ಟೋಪಿ ಹಾಕಿ ಎರಡನೆಯ ಸೀಟಿನಲ್ಲಿ ಕೂತರು. ಬೆಟ್ಟದ ಬುಡದವರೆಗೂ ಬಾಯಿ ಮುಚ್ಚಲಿಲ್ಲ. "ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಕೂರಬೇಡ. ಗೇರ್ ಈಗ ಬದಲಾಯಿಸು. ಈಗಲ್ಲ, ಆಗಲೇ ಬದಲಾಯಿಸ್ಬೇಕಿತ್ತು. ಚಿಕ್ಕೋನು ಹೀಗೆ ಒದ್ದಾಡಿಸಲ್ಲ."

ಮಟ್ಟಣ್ಣ ಹಲ್ಲು ಕಚ್ಚಿ ಸ್ಟೀರಿಂಗ್ ಹಿಡಿದುಕೊಂಡ. ಈ ಸೀಟಿನಲ್ಲಿ ಕೂತರೂ ಅದೇ ಹೆಸರು.

ಏರು ಶುರುವಾಗುವಲ್ಲಿ ಗಾಜಿನ ಮೇಲೆ ಹನಿಗಳು ಬಿದ್ದವು. ವೈಪರ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಯಿತು. ಅಪ್ಪ ಮಾತು ನಿಲ್ಲಿಸಿದರು.

"ಮಳೆನಾ?"

"ಹೌದಪ್ಪ."

ಅಪ್ಪ ಕಿವಿಯನ್ನು ಬಾನೆಟ್ಟಿನ ಕಡೆಗೆ ಬಗ್ಗಿಸಿದರು. ಸೀಟಿ ಇರಲಿಲ್ಲ. ಕೈ ಚಾಚಿ ಎದುರಿನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದರು.

"ನೀರು ಎಲ್ಲಿಗೆ ಹೋಗುತ್ತೆ?"

"ಹೊರಗೆ."

"ಹಾಗಾದ್ರೆ ಒತ್ತು," ಎಂದರು ಅಪ್ಪ.